ಟಾಕ್ ಶೋ ಚಿತ್ರೀಕರಣ ಮತ್ತು ಸ್ಟುಡಿಯೊ ಪ್ರೇಕ್ಷಕರು

ಟಿವಿ ಟಾಕ್ ಶೋ ಚಿತ್ರೀಕರಣವಾಗುವಾಗ ಸ್ಟುಡಿಯೊದಲ್ಲಿ ಕುಳಿತು, ತಮ್ಮ ಚಪ್ಪಾಳೆ, ನಗು, ಮೌನ ಮತ್ತು ಮುಖಭಾವಗಳ ಮೂಲಕ ಕಾರ್ಯಕ್ರಮದ ದನಿಯಲ್ಲೂ ಚಿತ್ರದಲ್ಲೂ ಸೇರುವ ಆಹ್ವಾನಿತ ಜನರನ್ನು ಸ್ಟುಡಿಯೊ ಪ್ರೇಕ್ಷಕರು ಎನ್ನುತ್ತಾರೆ. ಮನೆಯಲ್ಲಿ ಟಿವಿ ನೋಡುವವರು ವೀಕ್ಷಕರು. ಸ್ಟುಡಿಯೊದಲ್ಲಿ ಕುಳಿತವರು ಪ್ರೇಕ್ಷಕರು. ಈ ಲೇಖನದಲ್ಲಿ ಎರಡು ಪದಗಳನ್ನೂ ಇದೇ ಅರ್ಥದಲ್ಲಿ ಬಳಸಲಾಗಿದೆ. ಚಿತ್ರೀಕರಣದ ತಂಡದವರು ಪ್ರೇಕ್ಷಕರನ್ನು ‘ಆಡಿಯನ್ಸ್’ ಎಂದೂ ಚಿತ್ರೀಕರಣವನ್ನು ‘ಶೂಟಿಂಗ್’ ಎಂದೂ ಕರೆಯುವುದು ರೂಢಿ.

ವ್ಯಾಪ್ತಿ

ನಿರೂಪಕರೊಬ್ಬರು ಅತಿಥಿಗಳೊಂದಿಗೆ ಮಾತನಾಡುವುದೇ ತಿರುಳಾಗಿರುವ ಕಾರ್ಯಕ್ರಮ ಟಾಕ್ ಶೋ. ಅಮೆರಿಕದಲ್ಲಿ ರಾತ್ರಿ ಹನ್ನೊಂದರ ನಂತರ, ವಾರದ ಬಹುತೇಕ ದಿನ ಪ್ರಸಾರವಾಗುವ ಟಾಕ್ ಶೋಗಳದೇ ಒಂದು ಪರಂಪರೆ ಇದೆ. ಕನ್ನಡ ವಾಹಿನಿಗಳಲ್ಲಿ ಆ ಮಾದರಿ ನೆಲೆಗೊಂಡಿಲ್ಲ. ಅದರ ಸ್ಥಾನದಲ್ಲಿರುವುದು ಶನಿವಾರ ಮತ್ತು ಭಾನುವಾರ ರಾತ್ರಿ ಒಂಬತ್ತರ ಆಸುಪಾಸಿನಲ್ಲಿ ಪ್ರಸಾರವಾಗುವ ವಾರಾಂತ್ಯದ ಕಾರ್ಯಕ್ರಮಗಳು. ಇವುಗಳಲ್ಲಿ ಹೆಚ್ಚಿನವು ನೇರ ಪ್ರಸಾರವಲ್ಲ. ಪ್ರೇಕ್ಷಕರ ಎದುರಿನಲ್ಲಿ ಮೊದಲೇ ಚಿತ್ರೀಕರಿಸಿ, ಸಂಕಲನ ಮಾಡಿ, ನಂತರ ಪ್ರಸಾರ ಮಾಡಲಾಗುತ್ತದೆ.

ಹಿನ್ನೆಲೆ

ಪ್ರೇಕ್ಷಕರನ್ನು ಕೂರಿಸಿಕೊಂಡು ಕಾರ್ಯಕ್ರಮ ದಾಖಲಿಸುವ ಪದ್ಧತಿ ಟಿವಿಗೆ ಬಂದದ್ದು ರೇಡಿಯೊದಿಂದ. ಭಾರತದಲ್ಲಿ ಆಕಾಶವಾಣಿಯು 1954ರಲ್ಲಿ ಆರಂಭಿಸಿದ ಸಂಗೀತ ಸಮ್ಮೇಳನಗಳು ಆಹ್ವಾನಿತ ಶ್ರೋತೃಗಳ ಎದುರಿನಲ್ಲಿ ನಡೆಯುತ್ತಿದ್ದವು. 1950ರಲ್ಲಿ ಶುರುವಾದ ಧಾರವಾಡ ನಿಲಯವೂ ಸೇರಿದಂತೆ ಹಲವು ನಿಲಯಗಳು ಸಂಗೀತ ಕಛೇರಿ, ಕವಿಗೋಷ್ಠಿಗಳನ್ನು ಆಹ್ವಾನಿತರ ಮುಂದೆ ನಡೆಸಿ ಧ್ವನಿಮುದ್ರಿಸಿಕೊಳ್ಳುತ್ತ ಬಂದಿವೆ. ಪಾಸು ಕೊಟ್ಟು ಕರೆಯುವುದು, ಧ್ವನಿಮುದ್ರಣದ ವೇಳೆ ಮೌನ ಪಾಲಿಸಲು ಹೇಳುವುದು, ಮುಗಿದ ಮೇಲೆ ಚಪ್ಪಾಳೆ ತಟ್ಟಿಸುವುದು ರೇಡಿಯೊದಲ್ಲೇ ರೂಢಿಯಾಗಿದ್ದ ಕ್ರಮಗಳು.

ಟಿವಿಯಲ್ಲಿ ರಾತ್ರಿ ಟಾಕ್ ಶೋದ ಮೂಲ ಮಾದರಿ ಅಮೆರಿಕದ ಎನ್‌ಬಿಸಿ ಜಾಲದ ‘ದಿ ಟುನೈಟ್ ಶೋ’. ಅದು 1954ರ ಸೆಪ್ಟೆಂಬರ್ 27ರಂದು ಸ್ಟೀವ್ ಆ್ಯಲೆನ್ ಅವರ ನಿರೂಪಣೆಯಲ್ಲಿ ಆರಂಭವಾಯಿತು. 1962ರಿಂದ 1992ರವರೆಗೆ ಜಾನಿ ಕಾರ್ಸನ್ ನಿರೂಪಕರಾಗಿದ್ದರು. ಆರಂಭದ ಹಾಸ್ಯಭಾಷಣ, ಮೇಜಿನ ಹಿಂದೆ ನಿರೂಪಕ, ಪಕ್ಕದಲ್ಲಿ ಅತಿಥಿ, ಒಂದು ಬದಿಗೆ ವಾದ್ಯವೃಂದ, ಎದುರಿಗೆ ಪ್ರೇಕ್ಷಕರು ಎಂಬ ಜೋಡಣೆ ಈ ಕಾರ್ಯಕ್ರಮದಿಂದ ಗಟ್ಟಿಯಾಯಿತು. 1993ರಲ್ಲಿ ಡೇವಿಡ್ ಲೆಟರ್‌ಮನ್ ಅವರ ‘ಲೇಟ್ ಶೋ’ ನ್ಯೂಯಾರ್ಕಿನ ಎಡ್ ಸಲಿವನ್ ರಂಗಮಂದಿರದಲ್ಲಿ ನೆಲೆಯೂರಿತು. ಇಂಥ ಕಾರ್ಯಕ್ರಮಗಳನ್ನು ಸಂಜೆಯ ಹೊತ್ತಿಗೆ ಚಿತ್ರೀಕರಿಸಿ ಅದೇ ರಾತ್ರಿ ಪ್ರಸಾರ ಮಾಡುವುದು ವಾಡಿಕೆ. ಟಿಕೆಟಿಗೆ ಹಣವಿಲ್ಲ, ಮೊದಲೇ ಹೆಸರು ನೋಂದಾಯಿಸಬೇಕು.

ಇನ್ನೊಂದು ಮಾದರಿ ‘ದಿಸ್ ಈಸ್ ಯುವರ್ ಲೈಫ್’. ಅಮೆರಿಕದಲ್ಲಿ 1948ರಲ್ಲಿ ರೇಡಿಯೊ ಕಾರ್ಯಕ್ರಮವಾಗಿ ಆರಂಭವಾದ ಇದು 1952ರಲ್ಲಿ ಟಿವಿಗೆ ಬಂತು. 1955ರಲ್ಲಿ ಬ್ರಿಟನ್ನಿನ ಬಿಬಿಸಿಯಲ್ಲೂ ಶುರುವಾಯಿತು. ಅತಿಥಿಯ ಬದುಕನ್ನು ಹಂತಹಂತವಾಗಿ ನೆನಪಿಸುತ್ತ, ಬಂಧುಗಳು, ಗೆಳೆಯರು, ಗುರುಗಳನ್ನು ಅನಿರೀಕ್ಷಿತವಾಗಿ ವೇದಿಕೆಗೆ ಕರೆತರುವುದು ಇದರ ಕ್ರಮ. ಕನ್ನಡದ ಅತ್ಯಂತ ಪರಿಚಿತ ಟಾಕ್ ಶೋ ‘ವೀಕೆಂಡ್ ವಿತ್ ರಮೇಶ್’ ಈ ಎರಡನೆಯ ಮಾದರಿಗೆ ಹತ್ತಿರವಾಗಿದೆ.

ಹಿಂದಿಯಲ್ಲಿ ದೂರದರ್ಶನದ ‘ಫೂಲ್ ಖಿಲೇ ಹೈಂ ಗುಲ್ಶನ್ ಗುಲ್ಶನ್’ ತಬಸ್ಸುಮ್ ಅವರ ನಿರೂಪಣೆಯಲ್ಲಿ 1972ರಿಂದ ಎರಡು ದಶಕ ನಡೆಯಿತು. 1997ರಲ್ಲಿ ಸೋನಿ ವಾಹಿನಿಯಲ್ಲಿ ಬಂದ ಶೇಖರ್ ಸುಮನ್ ಅವರ ‘ಮೂವರ್ಸ್ ಆ್ಯಂಡ್ ಶೇಕರ್ಸ್’ ಅಮೆರಿಕದ ರಾತ್ರಿ ಟಾಕ್ ಶೋ ರೂಪವನ್ನು ಭಾರತಕ್ಕೆ ತಂದಿತು. 2013ರ ‘ಕಾಮಿಡಿ ನೈಟ್ಸ್ ವಿತ್ ಕಪಿಲ್’ ಮತ್ತು 2016ರ ‘ದಿ ಕಪಿಲ್ ಶರ್ಮಾ ಶೋ’ಗಳಲ್ಲಿ ಮುಂದಿನ ಸಾಲಿನ ಪ್ರೇಕ್ಷಕರನ್ನು ಮಾತಿಗೆಳೆಯುವುದೇ ಕಾರ್ಯಕ್ರಮದ ಒಂದು ಅಂಗವಾಯಿತು.

ಕನ್ನಡದಲ್ಲಿ ಬೆಳವಣಿಗೆ

ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿ ಉದಯ ಟಿವಿ 1994ರಲ್ಲಿ ಆರಂಭವಾಯಿತು. ಈಟಿವಿ ಕನ್ನಡ 2000ದಲ್ಲಿ, ಝೀ ಕನ್ನಡ 2006ರಲ್ಲಿ, ಸುವರ್ಣ 2007ರಲ್ಲಿ ಬಂದವು. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡವಾಯಿತು. ವಾಹಿನಿಗಳ ಸಂಖ್ಯೆ ಹೆಚ್ಚಿದಂತೆ ಪ್ರೇಕ್ಷಕರ ಎದುರಿನ ಕಾರ್ಯಕ್ರಮಗಳೂ ಹೆಚ್ಚಿದವು. ಉದಯ ಟಿವಿಯ ‘ಹರಟೆ’ ಒಂದು ವಿಷಯದ ಪರ ಮತ್ತು ವಿರೋಧವಾಗಿ ಮಾತುಗಾರರನ್ನು ಕೂರಿಸಿ, ಸಭಿಕರ ನಗುವಿನ ನಡುವೆ ಮಾತು ಬೆಳೆಸುತ್ತಿತ್ತು. ಬೆಂಗಳೂರು ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾದ, ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ರಸಪ್ರಶ್ನೆ ಕಾರ್ಯಕ್ರಮವು ನಾಡಿನ ನಾನಾ ಊರುಗಳ ಜನರನ್ನು ಸ್ಪರ್ಧಿಗಳಾಗಿ ಸ್ಟುಡಿಯೊಕ್ಕೆ ಕರೆತಂದು, ಗೆದ್ದವರಿಗೆ ಪುಸ್ತಕಗಳನ್ನು ಬಹುಮಾನವಾಗಿ ಕೊಟ್ಟಿತು.

2012ರಲ್ಲಿ ಸುವರ್ಣ ವಾಹಿನಿಯಲ್ಲಿ ಪುನೀತ್ ರಾಜ್‌ಕುಮಾರ್ ನಿರೂಪಣೆಯ ‘ಕನ್ನಡದ ಕೋಟ್ಯಧಿಪತಿ’ ಬಂತು. ಸ್ಪರ್ಧಿಗೆ ಉತ್ತರ ತೋಚದಾಗ ಸ್ಟುಡಿಯೊ ಪ್ರೇಕ್ಷಕರು ತಮ್ಮ ಕೈಯಲ್ಲಿದ್ದ ಗುಂಡಿ ಒತ್ತಿ ಅಭಿಪ್ರಾಯ ತಿಳಿಸುವ ಅವಕಾಶ ಅದರಲ್ಲಿತ್ತು. 2013ರಲ್ಲಿ ಆರಂಭವಾದ ‘ಬಿಗ್ ಬಾಸ್ ಕನ್ನಡ’ದ ವಾರಾಂತ್ಯದ ಸಂಚಿಕೆಗಳಲ್ಲಿ ನಿರೂಪಕ ಸುದೀಪ್ ಅವರು ಸ್ಪರ್ಧಿಗಳೊಂದಿಗೆ ನಡೆಸುವ ಮಾತುಕತೆಗೂ ಪ್ರೇಕ್ಷಕರು ಸಾಕ್ಷಿಯಾಗುತ್ತಾರೆ. 2015ರಲ್ಲಿ ಸೃಜನ್ ಲೋಕೇಶ್ ಅವರ ‘ಮಜಾ ಟಾಕೀಸ್’ ಹಾಸ್ಯ ಪ್ರಹಸನ ಮತ್ತು ತಾರೆಯರ ಸಂದರ್ಶನವನ್ನು ಬೆಸೆಯಿತು.

ಟಾಕ್ ಶೋ ರೂಪದಲ್ಲಿ ಹೆಚ್ಚು ಪ್ರಭಾವ ಬೀರಿದ್ದು ‘ವೀಕೆಂಡ್ ವಿತ್ ರಮೇಶ್’. ನಟ ರಮೇಶ್ ಅರವಿಂದ್ ನಿರೂಪಣೆಯ ಈ ಕಾರ್ಯಕ್ರಮ ಝೀ ಕನ್ನಡದಲ್ಲಿ 2014ರ ಆಗಸ್ಟ್‌ನಲ್ಲಿ ಆರಂಭವಾಯಿತು. ಮೊದಲ ಅತಿಥಿ ಪುನೀತ್ ರಾಜ್‌ಕುಮಾರ್. 2019ರ ನಾಲ್ಕನೆಯ ಸರಣಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆ ಅವರಿಂದ ಶುರುವಾಗಿ, ಅದೇ ಸರಣಿಯಲ್ಲಿ ಎನ್.ಆರ್. ನಾರಾಯಣಮೂರ್ತಿ ಮತ್ತು ಸುಧಾ ಮೂರ್ತಿ ಕೂಡ ಅತಿಥಿಗಳಾಗಿ ಬಂದರು. ಐದನೆಯ ಸರಣಿ 2023ರ ಮಾರ್ಚ್‌ನಲ್ಲಿ ನಟಿ ರಮ್ಯಾ ಅವರೊಂದಿಗೆ ತೆರೆಯಿತು.

ಈ ಕಾರ್ಯಕ್ರಮದ ಕೇಂದ್ರ ‘ಸಾಧಕರ ಸೀಟು’ ಎಂದು ಹೆಸರಾದ ಕೆಂಪು ಆಸನ. ಅತಿಥಿ ಅಲ್ಲಿ ಕುಳಿತ ಮೇಲೆ ಹಳೆಯ ಫೋಟೊಗಳು, ಬಂಧುಗಳ ವಿಡಿಯೊ ಮಾತುಗಳು ಪರದೆಯ ಮೇಲೆ ಬರುತ್ತವೆ. ನಡುವೆ ಸೆಟ್ಟಿನ ಬಾಗಿಲು ತೆರೆದು ಶಾಲೆಯ ಮೇಷ್ಟ್ರೊ, ಬಾಲ್ಯದ ಗೆಳೆಯರೊ ಒಳಬರುತ್ತಾರೆ. ಬಾಗಿಲು ತೆರೆಯುವ ಆ ಗಳಿಗೆಯಲ್ಲಿ ಒಂದು ಕ್ಯಾಮೆರಾ ಬರುವವರ ಮೇಲೂ ಒಂದು ಅತಿಥಿಯ ಮುಖದ ಮೇಲೂ ಮತ್ತೊಂದು ಪ್ರೇಕ್ಷಕರ ಮೇಲೂ ಇರುತ್ತದೆ. ಮನೆಯ ವೀಕ್ಷಕರು ಈ ಮೂರನ್ನೂ ಒಂದರ ಹಿಂದೊಂದು ನೋಡುತ್ತಾರೆ. ಸ್ಟುಡಿಯೊದಲ್ಲಿರುವವರು ತಮ್ಮ ಆಸನದಿಂದ ಕಾಣುವಷ್ಟನ್ನು ಮಾತ್ರ ನೋಡುತ್ತಾರೆ.

ಸ್ಟುಡಿಯೊದ ರಚನೆ

ಕನ್ನಡ ಟಾಕ್ ಶೋಗಳ ಚಿತ್ರೀಕರಣ ಬಹುಪಾಲು ಬೆಂಗಳೂರು ಮತ್ತು ಸುತ್ತಮುತ್ತಲಿನ ಸ್ಟುಡಿಯೊಗಳಲ್ಲಿ ನಡೆಯುತ್ತದೆ. ಚಲನಚಿತ್ರಕ್ಕೆಂದು ಕಟ್ಟಿದ ಮುಚ್ಚಿದ ಅಂಕಣಗಳಲ್ಲೇ, ಅಂದರೆ ಫ್ಲೋರ್‌ಗಳಲ್ಲೇ, ಸೆಟ್ ಹಾಕಲಾಗುತ್ತದೆ. ಫ್ಲೋರ್‌ನ ಒಂದು ಭಾಗ ವೇದಿಕೆ; ಅದರ ಎದುರಿಗೆ ಅಥವಾ ಮೂರು ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಪ್ರೇಕ್ಷಕರ ಆಸನಗಳು. ಆಸನ ಏರುಕ್ರಮದಲ್ಲಿದ್ದರೆ ಹಿಂದಿನವರ ಮುಖವೂ ಕ್ಯಾಮೆರಾಕ್ಕೆ ಸಿಗುತ್ತದೆ, ಕಡಿಮೆ ಜನರಿದ್ದರೂ ಸಭಾಂಗಣ ತುಂಬಿದಂತೆ ಕಾಣುತ್ತದೆ.

ಹಲವು ಕ್ಯಾಮೆರಾಗಳು ಒಟ್ಟಿಗೆ ಓಡುತ್ತಿರುತ್ತವೆ. ಕೆಲವು ಟ್ರೈಪಾಡ್ ಮೇಲೆ ನಿಂತಿರುತ್ತವೆ, ಕೆಲವು ಹಳಿಯ ಮೇಲೆ ಸರಿಯುತ್ತವೆ. ಉದ್ದ ತೋಳಿನ ತುದಿಗೆ ಕಟ್ಟಿದ ಕ್ಯಾಮೆರಾ, ತಂಡದವರು ‘ಜಿಮ್ಮಿ’ ಎನ್ನುವುದು, ಪ್ರೇಕ್ಷಕರ ತಲೆಯ ಮೇಲಿಂದ ಹಾಯ್ದು ವೇದಿಕೆಯ ಕಡೆ ಇಳಿಯುತ್ತದೆ. ಇದು ಹಾಯುವ ದಾರಿಯಲ್ಲಿ ಎದ್ದು ನಿಲ್ಲುವುದನ್ನು ನಿಷೇಧಿಸಲಾಗಿರುತ್ತದೆ. ನಿರೂಪಕರು ಮತ್ತು ಅತಿಥಿಗಳ ಬಟ್ಟೆಗೆ ಕಾಲರ್ ಮೈಕ್ ಸಿಕ್ಕಿಸಿರುತ್ತಾರೆ. ನಗು ಮತ್ತು ಚಪ್ಪಾಳೆಗೆ ಆಸನಗಳ ಮೇಲ್ಭಾಗದಲ್ಲಿ ಬೇರೆ ಮೈಕ್‌ಗಳು ತೂಗುತ್ತವೆ.

ನಿರ್ದೇಶಕರು ಫ್ಲೋರ್ ಮೇಲಿರುವುದಿಲ್ಲ. ಎಲ್ಲ ಕ್ಯಾಮೆರಾಗಳ ಚಿತ್ರ ಒಟ್ಟಿಗೆ ಕಾಣುವ, ಪಿಸಿಆರ್ ಎಂದು ಕರೆಯುವ ನಿಯಂತ್ರಣ ಕೊಠಡಿಯಲ್ಲಿ ಕುಳಿತು ಸೂಚನೆ ಕೊಡುತ್ತಾರೆ. ಆ ಸೂಚನೆಯನ್ನು ಕಿವಿಯ ಉಪಕರಣದಲ್ಲಿ ಕೇಳಿಸಿಕೊಂಡು ಜಾರಿಗೆ ತರುವವರು ಫ್ಲೋರ್ ಮ್ಯಾನೇಜರ್. ಪ್ರೇಕ್ಷಕರ ಮಟ್ಟಿಗೆ ಇವರ ಕೈಸನ್ನೆಯೇ ಅಂತಿಮ. ಪ್ರೇಕ್ಷಕರನ್ನು ಕರೆತಂದು, ಕೂರಿಸಿ, ಊಟ ತಿಂಡಿ ನೋಡಿಕೊಳ್ಳುವ ಹೊಣೆ ಆಡಿಯನ್ಸ್ ಕೋಆರ್ಡಿನೇಟರ್ ಅವರದು.

ಚಿತ್ರೀಕರಣದ ಕ್ರಮ

ಪ್ರೇಕ್ಷಕರು ಚಿತ್ರೀಕರಣಕ್ಕಿಂತ ಸಾಕಷ್ಟು ಮೊದಲೇ ಸ್ಟುಡಿಯೊ ತಲುಪಬೇಕು. ಬಾಗಿಲಲ್ಲಿ ಪಾಸು ಮತ್ತು ಗುರುತಿನ ಚೀಟಿ ನೋಡಿ, ಮೊಬೈಲ್ ತೆಗೆದಿರಿಸಿಕೊಂಡು ಇಲ್ಲವೇ ಆಫ್ ಮಾಡಿಸಿ ಒಳಗೆ ಬಿಡುತ್ತಾರೆ. ಯಾರು ಎಲ್ಲಿ ಕೂರಬೇಕೆಂದು ಕೋಆರ್ಡಿನೇಟರ್ ನಿರ್ಧರಿಸುತ್ತಾರೆ. ಅತಿಥಿಯ ಮನೆಯವರಿಗೆ ಮುಂದಿನ ಸಾಲು ಮೀಸಲು. ಉಳಿದವರನ್ನು ಬಟ್ಟೆಯ ಬಣ್ಣ, ವಯಸ್ಸು, ಗುಂಪು ನೋಡಿ ಹಂಚಿ ಕೂರಿಸಲಾಗುತ್ತದೆ.

ಅತಿಥಿ ಬರುವ ಮುಂಚೆ ಪ್ರೇಕ್ಷಕರನ್ನು ಅಣಿಗೊಳಿಸುವ ಹಂತವಿದೆ. ಫ್ಲೋರ್ ಮ್ಯಾನೇಜರ್ ಅಥವಾ ಹಾಸ್ಯ ಕಲಾವಿದರೊಬ್ಬರು ಮೈಕ್ ಹಿಡಿದು ಮಾತನಾಡಿಸಿ ಸಂಕೋಚ ಬಿಡಿಸುತ್ತಾರೆ. ಬಳಿಕ ಅಭ್ಯಾಸ: ಒಮ್ಮೆ ಸಾಧಾರಣ ಚಪ್ಪಾಳೆ, ಒಮ್ಮೆ ಜೋರು ಚಪ್ಪಾಳೆ, ಒಮ್ಮೆ ಎದ್ದು ನಿಂತು ಚಪ್ಪಾಳೆ. ಕೈ ಮೇಲೆತ್ತಿದರೆ ಶುರು, ಮುಷ್ಟಿ ಕಟ್ಟಿದರೆ ನಿಲುಗಡೆ ಎಂಬಂಥ ಸನ್ನೆಗಳನ್ನು ಆಗಲೇ ಕಲಿಸುತ್ತಾರೆ. ಈ ಅಭ್ಯಾಸವನ್ನೂ ಕ್ಯಾಮೆರಾ ಹಿಡಿಯುತ್ತಿರುತ್ತದೆ. ನಗುವ ಮುಖ, ಗಂಭೀರ ಮುಖ, ತಲೆದೂಗುವ ಸಾಲು ಹೀಗೆ ಬಿಡಿಬಿಡಿಯಾಗಿ ಚಿತ್ರಿಸಿಟ್ಟುಕೊಂಡು, ಸಂಕಲನದಲ್ಲಿ ಬೇಕಾದ ಕಡೆ ಸೇರಿಸಲು ಬರುತ್ತದೆ. ಇವುಗಳನ್ನು ರಿಯಾಕ್ಷನ್ ಶಾಟ್ ಎನ್ನುತ್ತಾರೆ.

ಚಿತ್ರೀಕರಣ ಒಂದೇ ಓಟದಲ್ಲಿ ನಡೆಯುವುದಿಲ್ಲ. ಮಾತಿನ ಒಂದು ಘಟ್ಟ ಮುಗಿದಾಗ ಬೆಳಕು ಬದಲಿಸಲು, ಮೇಕಪ್ ಒತ್ತಲು, ಸೆಟ್ಟಿನ ಸಾಮಾನು ಸರಿಸಲು ವಿರಾಮ ಕೊಡುತ್ತಾರೆ. ನಿರೂಪಕರು ಒಂದು ವಾಕ್ಯವನ್ನು ಎರಡನೆಯ ಸಲ ಹೇಳಬೇಕಾಗಬಹುದು. ಆಗ ಪ್ರೇಕ್ಷಕರೂ ಎರಡನೆಯ ಸಲ ಚಪ್ಪಾಳೆ ತಟ್ಟಬೇಕು. ಹೀಗಾಗಿ ಒಂದು ಗಂಟೆಯ ಸಂಚಿಕೆಗೆ ಹಲವು ಗಂಟೆಗಳು ಹಿಡಿಯುತ್ತವೆ. ಅತಿಥಿ ಭಾವುಕರಾಗುವ ಸನ್ನಿವೇಶಗಳನ್ನು ಮಾತ್ರ ಸಾಮಾನ್ಯವಾಗಿ ತಡೆಯದೆ ಮುಂದುವರಿಸುತ್ತಾರೆ, ಏಕೆಂದರೆ ಅವು ಮರುಚಿತ್ರೀಕರಣಕ್ಕೆ ಒಗ್ಗುವುದಿಲ್ಲ.

ಪ್ರೇಕ್ಷಕರ ವಿಧಗಳು

ಆಹ್ವಾನಿತರು: ಅತಿಥಿಯ ಬಂಧುಗಳು, ಸಹೋದ್ಯೋಗಿಗಳು, ಊರಿನವರು. ಜೀವನಕಥನದ ಟಾಕ್ ಶೋಗಳಲ್ಲಿ ಇವರೇ ಮುಖ್ಯ; ಪ್ರೇಕ್ಷಕರ ಸಾಲಿನಿಂದ ವೇದಿಕೆಗೂ ಬರುತ್ತಾರೆ.

ಪಾಸು ಪಡೆದವರು: ವಾಹಿನಿ ಅಥವಾ ನಿರ್ಮಾಣ ಸಂಸ್ಥೆಯ ಮೂಲಕ ಉಚಿತ ಪಾಸು ಪಡೆದು ಬರುವ ಸಾರ್ವಜನಿಕರು.

ಗುಂಪಿನವರು: ಕಾಲೇಜು, ಮಹಿಳಾ ಸಂಘ, ಅಭಿಮಾನಿ ಸಂಘಗಳಿಂದ ಒಟ್ಟಾಗಿ ಬರುವವರು. ಅಭಿಮಾನಿ ಸಂಘದವರು ತಮ್ಮ ನಟನ ಸಂಚಿಕೆಗೆ ಮಾತ್ರ ಬರುವುದು ಸಾಮಾನ್ಯ.

ಸಂಭಾವನೆಯವರು: ದಿನಗೂಲಿಯ ಮೇಲೆ ಬರುವ ಸಹಕಲಾವಿದರು, ಅಂದರೆ ಜೂನಿಯರ್ ಆರ್ಟಿಸ್ಟ್‌ಗಳು. ಸಾರ್ವಜನಿಕರು ಸಾಲದ ದಿನ ಅಥವಾ ಸತತ ಸಂಚಿಕೆಗಳ ಚಿತ್ರೀಕರಣವಿರುವ ದಿನ ಆಸನ ತುಂಬುವವರು ಇವರು. ಇವರಿಗೆ ಇದು ಉದ್ಯೋಗ.

ಹೊರಾಂಗಣದವರು: ಗಾಯನ ಮತ್ತು ಹಾಸ್ಯ ಸ್ಪರ್ಧೆಗಳ ಅಂತಿಮ ಸುತ್ತು, ಪ್ರಶಸ್ತಿ ಸಮಾರಂಭಗಳನ್ನು ಊರಿನ ಮೈದಾನದಲ್ಲಿ ನಡೆಸಿದಾಗ ಸೇರುವ ದೊಡ್ಡ ಜನಸ್ತೋಮ.

ಆನ್‌ಲೈನ್ ಪ್ರೇಕ್ಷಕರು: ಮನೆಯಿಂದಲೇ ವಿಡಿಯೊ ಕರೆಯ ಮೂಲಕ ಸೇರಿ ಸೆಟ್ಟಿನ ಪರದೆಯ ಮೇಲೆ ಕಾಣಿಸಿಕೊಳ್ಳುವವರು. ಕೋವಿಡ್ ಕಾಲದಲ್ಲಿ ಬಳಕೆಗೆ ಬಂದ ವಿಧ.

ನಿಯಮ ಮತ್ತು ಸುರಕ್ಷತೆ

ಪ್ರೇಕ್ಷಕರ ಚಿತ್ರ ಮತ್ತು ದನಿಯನ್ನು ಪ್ರಸಾರದಲ್ಲಿ ಬಳಸಲು ಒಪ್ಪಿಗೆ ಬೇಕು. ಇದನ್ನು ಪಾಸಿನ ಹಿಂಬದಿಯ ಷರತ್ತಿನಲ್ಲಿ ಅಥವಾ ಪ್ರತ್ಯೇಕ ಒಪ್ಪಿಗೆ ಪತ್ರದಲ್ಲಿ ಪಡೆಯಲಾಗುತ್ತದೆ. ಸಹಿ ಹಾಕುವ ಮುನ್ನ ಓದಿಕೊಳ್ಳುವುದು ಪ್ರೇಕ್ಷಕರ ಹಕ್ಕು. ಪ್ರಸಾರಕ್ಕೆ ಮುಂಚೆ ಅತಿಥಿ ಯಾರು, ಫಲಿತಾಂಶ ಏನು ಎಂಬುದನ್ನು ಹೊರಗೆ ಹೇಳದಿರುವುದೂ ಷರತ್ತಿನಲ್ಲಿ ಸೇರಿರುತ್ತದೆ.

ಉಡುಪಿನ ಸೂಚನೆಗಳಿಗೆ ತಾಂತ್ರಿಕ ಕಾರಣಗಳಿವೆ. ಅಚ್ಚ ಬಿಳುಪು ಬೆಳಕನ್ನು ಹೆಚ್ಚು ಪ್ರತಿಫಲಿಸಿ ಮುಖವನ್ನು ಕಪ್ಪಾಗಿಸುತ್ತದೆ. ಒತ್ತೊತ್ತಾದ ಸಣ್ಣ ಗೆರೆಗಳು ಪರದೆಯ ಮೇಲೆ ಅಲುಗಾಡಿದಂತೆ ಕಾಣುತ್ತವೆ. ಕಂಪನಿಯ ದೊಡ್ಡ ಗುರುತಿರುವ ಅಂಗಿಯಿಂದ ಜಾಹೀರಾತಿನ ತೊಡಕು ಬರುತ್ತದೆ. ಗಾಜಿನ ಬಳೆಯ ಸದ್ದು ಮೈಕಿಗೆ ಸಿಗುತ್ತದೆ. ದೀಪಗಳ ಕಾವು ತಡೆಯಲು ಹವಾನಿಯಂತ್ರಣ ಜೋರಾಗಿರುವುದರಿಂದ ವಯಸ್ಸಾದವರಿಗೆ ಶಾಲು ಅಗತ್ಯ.

ಸೆಟ್‌ಗಳು ಮರ, ಪ್ಲೈವುಡ್, ಥರ್ಮೊಕೋಲ್ ಮತ್ತು ಬಟ್ಟೆಯಿಂದ ಕಟ್ಟಿದವು, ಬೇಗ ಹೊತ್ತಿಕೊಳ್ಳುತ್ತವೆ. 2013ರ ಸೆಪ್ಟೆಂಬರ್‌ನಲ್ಲಿ ಮುಂಬೈ ಗೋರೆಗಾಂವ್‌ನ ಚಿತ್ರನಗರಿಯಲ್ಲಿದ್ದ ‘ಕಾಮಿಡಿ ನೈಟ್ಸ್ ವಿತ್ ಕಪಿಲ್’ ಸೆಟ್ಟೂ, 2018ರ ಫೆಬ್ರುವರಿಯಲ್ಲಿ ಬಿಡದಿಯ ಇನ್ನೊವೇಟಿವ್ ಫಿಲ್ಮ್ ಸಿಟಿಯಲ್ಲಿದ್ದ ‘ಬಿಗ್ ಬಾಸ್’ ಸೆಟ್ಟೂ ಬೆಂಕಿಗೆ ಆಹುತಿಯಾದವು. ತುರ್ತು ನಿರ್ಗಮನದ ದಾರಿ ತೆರವಾಗಿರುವುದು ಮತ್ತು ಅದನ್ನು ಆರಂಭದಲ್ಲೇ ಪ್ರೇಕ್ಷಕರಿಗೆ ತೋರಿಸುವುದು ಈ ಕಾರಣಕ್ಕೆ ಮುಖ್ಯ.

ಉಪಯೋಗ

ಪ್ರೇಕ್ಷಕರಿಂದ ಕಾರ್ಯಕ್ರಮಕ್ಕೆ ಮೂರು ಬಗೆಯ ಉಪಯೋಗವಿದೆ. ಒಂದು, ನಿರೂಪಕರಿಗೂ ಅತಿಥಿಗೂ ಮಾತಿನ ಲಯ ಸಿಗುತ್ತದೆ. ಹಾಸ್ಯಕ್ಕೆ ಎಷ್ಟು ಬಿಡುವು ಕೊಡಬೇಕು ಎಂಬುದು ಎದುರಿನ ನಗುವಿನಿಂದಲೇ ತಿಳಿಯುತ್ತದೆ. ಎರಡು, ಮನೆಯಲ್ಲಿ ಒಂಟಿಯಾಗಿ ನೋಡುವವರಿಗೂ ಸಭೆಯಲ್ಲಿ ಕುಳಿತ ಅನುಭವ ಬರುತ್ತದೆ. ಮೂರು, ಮಾತಿನ ಎರಡು ತುಣುಕುಗಳನ್ನು ಬೆಸೆಯುವಾಗ ನಡುವಿನ ಜಿಗಿತ ಕಾಣದಂತೆ ಪ್ರೇಕ್ಷಕರ ಮುಖವನ್ನು ಸೇರಿಸಲು ಸಂಕಲನಕಾರರಿಗೆ ಅನುಕೂಲವಾಗುತ್ತದೆ. ಪ್ರೇಕ್ಷಕರಿಗೆ ದೊರೆಯುವುದು ಸಾಧಕರನ್ನು ಹತ್ತಿರದಿಂದ ಕಾಣುವ ಅವಕಾಶ ಮತ್ತು ಕಾರ್ಯಕ್ರಮ ತಯಾರಾಗುವ ಬಗೆಯ ನೇರ ಪರಿಚಯ. ಮಾಧ್ಯಮ ವಿದ್ಯಾರ್ಥಿಗಳಿಗೆ ಇದು ಪಾಠವೂ ಹೌದು.

ಕೊಗನೊಳ್ಳಿ ಮತ್ತು ಗಡಿಭಾಗ

ಬೆಂಗಳೂರಿನ ಸ್ಟುಡಿಯೊಗಳಿಂದ ದೂರವಿರುವ ಗಡಿಭಾಗದ ಪ್ರೇಕ್ಷಕರಿಗೆ ಈ ಅನುಭವ ಹೇಗಿರುತ್ತದೆ ಎಂಬುದಕ್ಕೆ ಕೊಗನೊಳ್ಳಿ ಒಂದು ಉದಾಹರಣೆ. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಾಲ್ಲೂಕಿನ ಕೊಗನೊಳ್ಳಿ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಊರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಕನ್ನಡದ ಜೊತೆ ಮರಾಠಿಯೂ ಬಳಕೆಯಲ್ಲಿದೆ. ಇಲ್ಲಿನ ಅನೇಕ ಮನೆಗಳಲ್ಲಿ ‘ವೀಕೆಂಡ್ ವಿತ್ ರಮೇಶ್’ ಎಷ್ಟು ಪರಿಚಿತವೋ, 2014ರಲ್ಲಿ ಝೀ ಮರಾಠಿಯಲ್ಲಿ ಆರಂಭವಾದ ‘ಚಲಾ ಹವಾ ಯೇವೂ ದ್ಯಾ’ ಹಾಸ್ಯ ಕಾರ್ಯಕ್ರಮವೂ ಅಷ್ಟೇ ಪರಿಚಿತ.

ಪ್ರದರ್ಶನದಲ್ಲಿ ಪ್ರೇಕ್ಷಕರು ಭಾಗಿಯಾಗುವುದು ಈ ಸೀಮೆಗೆ ಹೊಸದಲ್ಲ. ಕುಲಗೋಡದ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಬಯಲಾಟ ಶ್ರೀಕೃಷ್ಣ ಪಾರಿಜಾತ, ಸಣ್ಣಾಟ ಮತ್ತು ಕಂಪನಿ ನಾಟಕಗಳಲ್ಲಿ ಮೆಚ್ಚಿದ ಪಾತ್ರಧಾರಿಗೆ ಆಹೇರಿ, ಅಂದರೆ ಉಡುಗೊರೆ ಕೊಡುವುದು, ‘ಒನ್ಸ್‌ಮೋರ್’ ಎಂದು ಕೂಗಿ ಹಾಡನ್ನು ಮತ್ತೊಮ್ಮೆ ಹಾಡಿಸುವುದು ನಡೆದುಬಂದ ಪದ್ಧತಿ. ಅಲ್ಲಿ ಮರುಪ್ರದರ್ಶನವನ್ನು ಪ್ರೇಕ್ಷಕರು ಕೇಳುತ್ತಾರೆ. ಸ್ಟುಡಿಯೊದಲ್ಲಿ ಅದನ್ನು ನಿರ್ದೇಶಕರು ಕೇಳುತ್ತಾರೆ. ಎರಡು ಪರಂಪರೆಗಳ ಮುಖ್ಯ ವ್ಯತ್ಯಾಸ ಇದು.

ಕೊಗನೊಳ್ಳಿಯಿಂದ ಬೆಂಗಳೂರು ಸುಮಾರು 600 ಕಿ.ಮೀ., ಮುಂಬೈ ಸುಮಾರು 400 ಕಿ.ಮೀ. ದೂರದಲ್ಲಿವೆ. ಮೀರಜ್ ಮಾರ್ಗದ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ರಾಯಬಾಗ, ಘಟಪ್ರಭಾ ಮೂಲಕ ರಾತ್ರಿಯಿಡೀ ಸಾಗಿ ಬೆಂಗಳೂರು ಸೇರುತ್ತದೆ. ಹೆದ್ದಾರಿಯಲ್ಲಿ ರಾತ್ರಿ ಬಸ್ಸುಗಳಿವೆ. ಚಿತ್ರೀಕರಣ ತಡರಾತ್ರಿವರೆಗೆ ನಡೆಯುವುದುಂಟು. ಹಾಗಾಗಿ ಈ ಭಾಗದಿಂದ ಹೋಗುವವರಿಗೆ ಒಂದು ಸಂಚಿಕೆ ಎಂದರೆ ಹೋಗುವ ರಾತ್ರಿ, ಚಿತ್ರೀಕರಣದ ಹಗಲು ಮತ್ತು ಮರಳುವ ರಾತ್ರಿ ಸೇರಿದ ಪ್ರಯಾಣ. ಪಾಸು ಉಚಿತವಾದರೂ ಪ್ರಯಾಣ ಮತ್ತು ವಸತಿಯ ಖರ್ಚು ಪ್ರೇಕ್ಷಕರದೇ. ಅತಿಥಿಯ ಊರಿನವರಾಗಿ ಅಥವಾ ಸ್ಪರ್ಧಿಯ ಮನೆಯವರಾಗಿ ಹೋಗುವವರಿಗೆ ನಿರ್ಮಾಣ ಸಂಸ್ಥೆಯೇ ವ್ಯವಸ್ಥೆ ಮಾಡುವುದುಂಟು.

ಇಂದಿನ ಸ್ಥಿತಿ

2020ರ ಮಾರ್ಚ್‌ನ ಲಾಕ್‌ಡೌನ್‌ನಿಂದ ಚಿತ್ರೀಕರಣಗಳು ನಿಂತವು. ಪುನರಾರಂಭಕ್ಕಾಗಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2020ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಆ ವರ್ಷದ ಹಿಂದಿ ‘ಕೌನ್ ಬನೇಗಾ ಕರೋಡ್‌ಪತಿ’ ಸ್ಟುಡಿಯೊ ಪ್ರೇಕ್ಷಕರಿಲ್ಲದೆ ನಡೆಯಿತು. ಪ್ರೇಕ್ಷಕರ ಅಭಿಪ್ರಾಯ ಕೇಳುವ ಅವಕಾಶದ ಬದಲು ಗೆಳೆಯರಿಗೆ ವಿಡಿಯೊ ಕರೆ ಮಾಡುವ ಅವಕಾಶ ಬಂತು. ನಿರ್ಬಂಧಗಳು ತೆರವಾದ ಮೇಲೆ ಪ್ರೇಕ್ಷಕರು ಸ್ಟುಡಿಯೊಗಳಿಗೆ ಮರಳಿದರು.

ಟಾಕ್ ಶೋಗಳು ಈಗ ಟಿವಿಗಷ್ಟೇ ಸೀಮಿತವಾಗಿಲ್ಲ. ಕಪಿಲ್ ಶರ್ಮಾ ಅವರ ಕಾರ್ಯಕ್ರಮ 2024ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಯೂಟ್ಯೂಬ್‌ನ ಕನ್ನಡ ಸಂದರ್ಶನಗಳು ಮತ್ತು ಪಾಡ್‌ಕಾಸ್ಟ್‌ಗಳು ಹೆಚ್ಚಾಗಿ ಪ್ರೇಕ್ಷಕರಿಲ್ಲದೆ, ಸಣ್ಣ ಕೋಣೆಯಲ್ಲಿ ದಾಖಲಾಗುತ್ತವೆ. ವಾಹಿನಿಗಳ ವಾರಾಂತ್ಯದ ಕಾರ್ಯಕ್ರಮಗಳಲ್ಲಿ ಪ್ರೇಕ್ಷಕರ ಸ್ಥಾನ ಮುಂದುವರಿದಿದೆ. ಪಾಸುಗಳ ಬಗ್ಗೆ ವಾಹಿನಿಗಳು ತಮ್ಮ ಪರದೆಯ ಮೇಲೆ ಮತ್ತು ಅಧಿಕೃತ ಸಾಮಾಜಿಕ ಜಾಲತಾಣಗಳಲ್ಲಿ ಪ್ರಕಟಣೆ ನೀಡುತ್ತವೆ. ಉಚಿತ ಪಾಸಿಗೆ ಹಣ ಕೇಳುವ ಮಧ್ಯವರ್ತಿಗಳನ್ನು ನಂಬದೆ, ಪ್ರಯಾಣ ಹೊರಡುವ ಮುನ್ನ ದಿನಾಂಕವನ್ನು ವಾಹಿನಿಯಿಂದಲೇ ಖಚಿತಪಡಿಸಿಕೊಳ್ಳಬೇಕು.